ಮರಳು ದಿಬ್ಬದ ಹಳಿ

ನನಗೊಂದು ಕೆಟ್ಟ ಚಾಳಿ ಇದೆ. ಸ್ಕೂಟಿಯಲ್ಲಿ ಹೋಗುವಾಗ ಎದುರಿಗೆ ಇಳಿಜಾರು ಕಂಡರೆ ಸಾಕು, ಇಳಿಯುವ ಮೊದಲು ಪೂರ್ತಿ ನಿಲ್ಲಿಸಿಬಿಡುತ್ತೇನೆ. ಎರಡೂ ಕಾಲು ನೆಲಕ್ಕೆ ಊರಿ, ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂದು ಒಮ್ಮೆ ಅದುಮಿ ನೋಡಿ, ಆಮೇಲೆ ಹೊರಡುತ್ತೇನೆ. ಹೊಸಪೇಟೆಯ ಮೇಲ್ಸೇತುವೆಯ ನೆತ್ತಿಯಲ್ಲಿ ಹೀಗೆ ನಿಂತು ಬೈಸಿಕೊಳ್ಳದ ದಿನವಿಲ್ಲ. ಹಿಂದಿನಿಂದ ಹಾರ್ನು, ಪಕ್ಕದಿಂದ ‘ಏನಾತ್ರಿ ಮೇಡಂ, ಪೆಟ್ರೋಲ್ ಖಾಲಿ ಏನು?’ ಎಂಬ ವಿಚಾರಣೆ. ಲೈಸೆನ್ಸ್ ಪರೀಕ್ಷೆಯಲ್ಲಿ ನಾನು ಎರಡು ಸಲ ನಪಾಸಾದದ್ದೂ ಇದೇ ಕಾರಣಕ್ಕೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು, ಮಕ್ಕಳಿಗೆ ಇಳಿಜಾರಿನ ಲೆಕ್ಕವನ್ನು ಬೋರ್ಡಿನ ಮೇಲೆ ಲೀಲಾಜಾಲವಾಗಿ ಬಿಡಿಸಿ ತೋರಿಸಿದವಳು, ಅಂಗಳದಲ್ಲಿ ಗುಡ್ಡೆ ಹಾಕಿದ ಮಣ್ಣಿನ ದಿಬ್ಬ ಇಳಿಯಲಾರದೆ ನಿಂತಿದ್ದನ್ನು ನೋಡಿ ಪರೀಕ್ಷೆ ಮಾಡುವವರು ನಕ್ಕಿದ್ದರು. ನಾನೂ ನಕ್ಕಿದ್ದೆ. ಅವರಿಗೆ ಕಾರಣ ಹೇಳುವಷ್ಟು ಹೊತ್ತು ಅಲ್ಲಿರಲಿಲ್ಲ.

ಕಾರಣ ನಮ್ಮಪ್ಪ. ಅವರು ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಹೊಸಪೇಟೆಯಿಂದ ಸಂಡೂರಿನ ಗುಡ್ಡಗಳೊಳಗೆ ಅದಿರು ತರಲು ಹೋಗುವ ಹಳೆಯ ಸಣ್ಣ ಹಳಿಯ ಲೈನಿನಲ್ಲಿ, ಘಾಟಿಯ ನಟ್ಟನಡುವೆ, ಒಂದು ಕವಲು ಹಳಿ ಇತ್ತು. ಅದು ಯಾವ ಊರಿಗೂ ಹೋಗುತ್ತಿರಲಿಲ್ಲ. ಮುಖ್ಯ ಹಳಿಯಿಂದ ಒಡೆದು, ಗುಡ್ಡದ ಮಗ್ಗುಲಿಗೆ ಏರಿ, ಒಂದು ದೊಡ್ಡ ಮರಳು ದಿಬ್ಬದಲ್ಲಿ ಮುಗಿದುಹೋಗುತ್ತಿತ್ತು. ಮೇಲಿನಿಂದ ಅದಿರು ತುಂಬಿಕೊಂಡು ಇಳಿದು ಬರುವ ಗಾಡಿಯ ಬ್ರೇಕು ಕೈಕೊಟ್ಟರೆ ಅದು ಕೆಳಗಿನ ಸ್ಟೇಶನ್ನಿಗೆ ನುಗ್ಗದಿರಲಿ ಎಂದು ಮಾಡಿದ ಏರ್ಪಾಡು. ಹಳಿ ಯಾವಾಗಲೂ ಮರಳು ದಿಬ್ಬದ ಕಡೆಗೇ ಜೋಡಿಸಿರಬೇಕು. ಇಳಿದು ಬಂದ ಪ್ರತಿ ಗಾಡಿಯೂ ಕವಲಿನ ಮುಂದೆ ನಿಲ್ಲಲೇಬೇಕು, ನಿಂತು ಒಂದು ಸಿಳ್ಳೆ ಹಾಕಬೇಕು. ಆಗ ಅಪ್ಪ ಕೀಲಿ ತೆಗೆದು, ಲಿವರ್ ಎಳೆದು, ಮುಖ್ಯ ಹಳಿಗೆ ದಾರಿ ಕೊಡುತ್ತಿದ್ದರು. ಗಾಡಿ ದಾಟಿದ ಮೇಲೆ ಮತ್ತೆ ಹಳಿ ಮರಳು ದಿಬ್ಬದ ಕಡೆಗೆ. ಅವರ ನೌಕರಿ ಇಷ್ಟೇ. ನಿಲ್ಲಬಲ್ಲೆ ಎಂದು ತೋರಿಸಿದವರಿಗೆ ಮಾತ್ರ ಇಳಿಯಲು ಬಿಡುವುದು.

ಮನೆಯಲ್ಲೂ ಅದೇ ಕಾನೂನು. ನಾನು ಕ್ವಾರ್ಟರ್ಸಿನ ಮುಂದಿನ ದಿನ್ನೆಯಿಂದ ಓಡಿ ಇಳಿಯುತ್ತಿದ್ದರೆ, ‘ಹೂಂ, ನಿಂತು ಬಾ’ ಎನ್ನುತ್ತಿದ್ದರು. ನಿಂತು, ಬಾಯಲ್ಲೊಂದು ಸಿಳ್ಳೆ ಹಾಕಿ, ಅವರು ಕೈ ಆಡಿಸಿದ ಮೇಲೆ ಇಳಿಯುತ್ತಿದ್ದೆ. ನನಗದು ಆಟ. ಅವರಿಗೂ ಆಟವೇ ಎಂದು ಆಗ ತಿಳಿದಿದ್ದೆ.

ಆ ಘಾಟಿಯಲ್ಲಿ ನಮ್ಮದು ಒಂದೇ ಮನೆ. ಎರಡು ಕೋಣೆ, ಮುಂದೆ ಒಂದು ಬೇವಿನ ಮರ, ಸುತ್ತ ಕೆಂಪು ಧೂಳು. ಅವ್ವ ಕಂಪ್ಲಿ ಕಡೆಯವರು. ಹೊಳೆ, ಕಾಲುವೆ, ಭತ್ತದ ಗದ್ದೆ ನೋಡಿ ಬೆಳೆದವರಿಗೆ ಈ ಕಲ್ಲುಗುಡ್ಡ ಕೊನೆಯವರೆಗೂ ಒಗ್ಗಲಿಲ್ಲ. ಅವರು ಒಗೆದು ಹಾಕಿದ ಬಿಳಿ ಬಟ್ಟೆ ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ನನ್ನ ಸ್ಕೂಲಿನ ಬಿಳಿ ಬ್ಲೌಸು ವರ್ಷವಿಡೀ ತಿಳಿಗೆಂಪು. ಹೊಸಪೇಟೆಯ ಶಾಲೆಯಲ್ಲಿ ಮಕ್ಕಳು ನನ್ನನ್ನು ‘ಅದಿರು’ ಎಂದು ಕರೆಯುತ್ತಿದ್ದರು. ಕುಡಿಯುವ ನೀರು ಕೂಡ ನಮಗೆ ಗಾಡಿಯಲ್ಲೇ ಬರಬೇಕು. ಖಾಲಿ ಗಾಡಿ ಮೇಲೇರುವಾಗ ಎಂಜಿನ್ನಿನವರು ನಿಧಾನ ಮಾಡಿ ಎರಡು ಡ್ರಮ್ಮು ಇಳಿಸಿ ಹೋಗುತ್ತಿದ್ದರು. ಗಾಡಿ ಬಾರದ ದಿನ ಅವ್ವ ಕೊಡ ಹೊತ್ತು ಒಂದು ಮೈಲಿ ಹೋಗುತ್ತಿದ್ದರು.

ಇಳಿಯುವ ಗಾಡಿ ಕವಲಿನ ಮುಂದೆ ನಿಲ್ಲುತ್ತಿದ್ದುದು ನಾಲ್ಕೈದು ನಿಮಿಷ. ಆ ಹೊತ್ತಿನಲ್ಲಿ ಎಂಜಿನ್ನಿನಿಂದ ಇಳಿದು ನಮ್ಮ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದ ಡ್ರೈವರ್ ಒಬ್ಬರೇ, ಚಿತ್ತವಾಡ್ಗಿಯ ಯಂಕಣ್ಣ. ನಾವು ಹುಟ್ಟಿದ ಕೇರಿ ಯಾವುದು ಎಂಬುದು ಲೈನಿನವರಿಗೆಲ್ಲ ಗೊತ್ತಿತ್ತು. ಉಳಿದವರು ಎಂಜಿನ್ನಿನ ಮೇಲಿಂದಲೇ ಅಪ್ಪನ ಹತ್ತಿರ ಮಾತಾಡಿ ಹೋಗುವರು, ಒಳ್ಳೆಯ ಮಾತನ್ನೇ ಆಡುವರು, ಆದರೆ ಲೋಟ ಮುಟ್ಟುತ್ತಿರಲಿಲ್ಲ. ಯಂಕಣ್ಣ ಮಾಮಾ ಅವ್ವನ ಕೈಯಿಂದ ಚಹಾ ಇಸಿದುಕೊಂಡು, ಬಿಸಿ ಬಿಸಿಯಾಗಿಯೇ ಗಂಟಲಿಗೆ ಸುರಿದುಕೊಂಡು, ‘ಇನ್ನೊಂದು ಚೂರು ಬೆಲ್ಲ ಹಾಕಬೇಕಿತ್ತವಾ’ ಎನ್ನುವರು. ಅವ್ವ ಎಷ್ಟು ಬೆಲ್ಲ ಹಾಕಿದರೂ ಅದೇ ಮಾತು. ನನಗೆ ಹಳೆಯ ಪೇಪರು ತಂದುಕೊಡುವರು. ಮಸಿ ಮೆತ್ತಿದ ಆ ಪೇಪರುಗಳಲ್ಲೇ ನಾನು ಓದುವ ಹುಚ್ಚು ಹತ್ತಿಸಿಕೊಂಡದ್ದು. ಅವರಿಗೆ ಮಕ್ಕಳಿರಲಿಲ್ಲ. ಇವಳನ್ನು ಡ್ರೈವರ್ ಮಾಡೋಣ ಎಂದು ಅಪ್ಪನನ್ನು ಕೇಳುವರು. ಅಪ್ಪ, ಇವಳು ಇಳಿಜಾರಿನಲ್ಲಿ ನಿಲ್ಲೋದು ಮೊದಲು ಕಲೀಲಿ ಎಂದು ನಗುವರು. ಅಪ್ಪ ಹಲ್ಲು ತೋರಿಸಿ ನಗುತ್ತಿದ್ದುದು ಆ ನಾಲ್ಕೈದು ನಿಮಿಷಗಳಲ್ಲೇ ಇರಬೇಕು. ಬೇರೆ ಹೊತ್ತಿನಲ್ಲಿ ನಕ್ಕ ನೆನಪು ನನಗಿಲ್ಲ.

ಆ ದಿನದ್ದನ್ನು ನಾನು ಕಣ್ಣಾರೆ ನೋಡಿಲ್ಲ. ನೋಡಿದವರು ಅಪ್ಪ ಮತ್ತು ಅವ್ವ. ಅಪ್ಪ ನನ್ನೊಡನೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವ್ವ ತುಂಡು ತುಂಡಾಗಿ, ಎಷ್ಟೋ ವರ್ಷಗಳ ಮೇಲೆ, ಅಕ್ಕಿ ಆರಿಸುವಾಗಲೋ ಹಾಸಿಗೆ ಹೊಲಿಯುವಾಗಲೋ ಹೇಳಿದ್ದನ್ನು ಜೋಡಿಸಿಕೊಂಡಿದ್ದೇನೆ.

ನಾನಾಗ ಐದನೇ ಕ್ಲಾಸು. ಬೆಳಗಿನ ಗಾಡಿಗೆ ಹೊಸಪೇಟೆಗೆ ಇಳಿದು, ಸಂಜೆಯ ಪ್ಯಾಸೆಂಜರಿನಲ್ಲಿ ವಾಪಸು ಬರುತ್ತಿದ್ದೆ. ಆ ಪ್ಯಾಸೆಂಜರು ಘಾಟಿಯ ಬುಡದ ಸ್ಟೇಶನ್ನಿನಲ್ಲಿ ನಿಂತು, ಅದಿರಿನ ಗಾಡಿ ಇಳಿದು ಬಂದ ಮೇಲೆ ಹತ್ತಲು ಶುರು ಮಾಡಬೇಕು. ಆ ದಿನವೂ ಹಾಗೆಯೇ ನಿಂತಿತ್ತು. ಗಣಿಗೆ ಹೋಗುವ ಕೂಲಿಯವರು, ಸಂತೆ ಮುಗಿಸಿ ಬಂದ ಹೆಂಗಸರು, ನನ್ನ ಹಾಗಿನ ಹತ್ತೋ ಹನ್ನೆರಡೋ ಶಾಲೆಯ ಮಕ್ಕಳು ಅದರಲ್ಲಿದ್ದರು.

ಮೇಲೆ, ಗಾಡಿ ಬರುವ ಹೊತ್ತಿಗೆ ಅಪ್ಪ ಎಂದಿನಂತೆ ಕ್ಯಾಬಿನ್ನಿನಿಂದ ಇಳಿದು ಲಿವರಿನ ಹತ್ತಿರ ಬಂದಿದ್ದರು. ಅವ್ವ ಚಹಾಕ್ಕೆ ನೀರಿಟ್ಟಿದ್ದರು. ಮೇಲಿನ ತಿರುವಿನಲ್ಲಿ ಸಿಳ್ಳೆ ಕೇಳಿತು. ದಾರಿ ಕೇಳುವ ಸಿಳ್ಳೆ ಒಂದೇ, ಉದ್ದದ್ದು. ಅದನ್ನು ನಿಂತ ಮೇಲೆ ಹಾಕಬೇಕು. ಇದು ಬರುತ್ತ ಬರುತ್ತಲೇ ಶುರುವಾಗಿ ನಿಲ್ಲಲೇ ಇಲ್ಲ. ಅವ್ವ ಹೊರಗೆ ಬಂದು ನೋಡಿದರೆ ಗಾಡಿ ತಿರುವು ದಾಟಿತ್ತು, ಗಾಲಿಗಳಿಂದ ಕಿಡಿ ಹಾರುತ್ತಿತ್ತು. ಬ್ರೇಕು ಯಾಕೆ ಹಿಡಿಯಲಿಲ್ಲ ಎಂಬುದು ನನಗೆ ಇವತ್ತಿಗೂ ಸರಿಯಾಗಿ ತಿಳಿಯದು. ಅಪ್ಪ ಲಿವರಿನ ಪಕ್ಕದಲ್ಲಿ, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಒಂದು ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದು ನಿಂತಿದ್ದರಂತೆ.

ಹಳಿ ಮರಳು ದಿಬ್ಬದ ಕಡೆಗೇ ಇತ್ತು. ಅವರು ಏನನ್ನೂ ಮಾಡಬೇಕಾಗಿರಲಿಲ್ಲ. ಏನನ್ನೂ ಮಾಡದಿರುವುದೇ ಅವರ ಕೆಲಸವಾಗಿತ್ತು, ಅದನ್ನು ಅವರು ಮಾಡಿದರು. ಗಾಡಿ ಅವರ ಮುಂದೆಯೇ ಕವಲು ಹಿಡಿದು, ಏರನ್ನು ಹತ್ತಿ, ಮರಳಿಗೆ ನುಗ್ಗಿತು. ಹಿಂದಿನ ಡಬ್ಬಿಗಳು ಒಂದರ ಮೇಲೊಂದು ಬಂದು ಬಿದ್ದವು. ಫೈರ್‌ಮನ್ ಮೇಲಿನ ತಿರುವಿನಲ್ಲೇ ಹಾರಿಕೊಂಡಿದ್ದ, ಕಾಲು ಮುರಿದು ಬದುಕಿದ. ಹಾರು ಎಂದು ಅವನನ್ನು ದಬ್ಬಿದವರು ಯಂಕಣ್ಣ ಮಾಮಾ. ಅವರು ಹಾರಲಿಲ್ಲ.

ಕೆಳಗೆ ಪ್ಯಾಸೆಂಜರಿನಲ್ಲಿದ್ದವರಿಗೆ ಕೂದಲೂ ಕೊಂಕಲಿಲ್ಲ. ಗಾಡಿ ಮೇಲೆ ಹೋಗುವುದಿಲ್ಲ ಎಂದು ಕತ್ತಲಾಗುವ ಮುಂಚೆ ಹೇಳಿದರು. ನನ್ನನ್ನು ಸ್ಟೇಶನ್ ಮಾಸ್ತರರ ಮನೆಯಲ್ಲಿ ಮಲಗಿಸಿಕೊಂಡರು. ಮರುದಿನ ಹಳಿ ರಿಪೇರಿಯ ಗ್ಯಾಂಗಿನವರ ಟ್ರಾಲಿಯಲ್ಲಿ ಮನೆ ಮುಟ್ಟಿದಾಗ ಅಪ್ಪ ಬೇವಿನ ಮರದ ಕೆಳಗೆ ಕೂತಿದ್ದರು. ನನ್ನನ್ನು ನೋಡಿದರು. ಎದ್ದು ಬಂದು ತಲೆ ಮುಟ್ಟುತ್ತಾರೆಂದು ನಾನು ನಿಂತೆ. ಅವರು ಮುಖ ತಿರುಗಿಸಿ ಕ್ಯಾಬಿನ್ನಿಗೆ ಹೋದರು.

ವಿಚಾರಣೆಗೆ ದೊಡ್ಡ ಸಾಹೇಬರು ಬಂದರು. ಅಪ್ಪ ನಿಯಮದ ಪ್ರಕಾರವೇ ನಡೆದುಕೊಂಡಿದ್ದಾರೆ, ಎಷ್ಟೋ ಜೀವ ಉಳಿದಿದೆ ಎಂದು ಬರೆದರು. ಒಂದು ಪ್ರಶಂಸಾಪತ್ರವೂ ಬಂತು. ಅವ್ವ ಅದನ್ನು ಟ್ರಂಕಿನ ತಳಕ್ಕೆ ಹಾಕಿ ಮೇಲೆ ಸೀರೆಗಳನ್ನು ಪೇರಿಸಿಟ್ಟರು. ಲೈನಿನಲ್ಲಿ ಮಾತು ಬೇರೆಯೇ ಓಡಾಡುತ್ತಿತ್ತು. ಯಂಕಣ್ಣ ದಾರಿ ಕೇಳಿದ್ದ, ದಾರಿ ಕೊಟ್ಟಿದ್ದರೆ ಮುಂದೆ ಹೇಗೋ ಸಂಭಾಳಿಸಿಕೊಂಡು ಹೋಗುತ್ತಿದ್ದ, ಇವನ ಮಗಳು ಕೆಳಗೆ ಗಾಡಿಯಲ್ಲಿದ್ದಳು, ಅದಕ್ಕೇ ಇವನು ಕೊಡಲಿಲ್ಲ, ಎಂದು. ಆ ಸಿಳ್ಳೆ ದಾರಿ ಕೇಳಲು ಹಾಕಿದ್ದೋ, ದೂರ ಸರಿಯಿರಿ ಎಂದು ಹಾಕಿದ್ದೋ, ಹೇಳಬೇಕಾದವರು ಉಳಿದಿರಲಿಲ್ಲ.

ತಿಂಗಳೊಪ್ಪತ್ತು ಕಳೆದ ಮೇಲೆ ಯಂಕಣ್ಣನವರ ಹೆಂಡತಿ ಲಕ್ಷ್ಮಕ್ಕ ನಮ್ಮ ಮನೆಗೆ ಬಂದರು. ನೀರಿನ ಡ್ರಮ್ಮು ತರುವ ಗಾಡಿಯಲ್ಲಿ, ಒಬ್ಬರೇ ಬಂದಿದ್ದರು. ನಾನು ಅಡುಗೆಕೋಣೆಯ ಬಾಗಿಲ ಹಿಂದಿದ್ದೆ. ಅವ್ವ ನೀರು ಕೊಡಲೋ ಬೇಡವೋ ಎಂದು ಚೊಂಬು ಹಿಡಿದು ನಿಂತಿದ್ದರು. ಲಕ್ಷ್ಮಕ್ಕ ಕೈ ಚಾಚಿ ಇಸಿದುಕೊಂಡು ಪೂರ್ತಿ ಕುಡಿದು, ಚೊಂಬು ಕೆಳಗಿಟ್ಟರು. ಆಮೇಲೆ ಅಪ್ಪನನ್ನು ಕೇಳಿದರು.

“ಆ ಹಿಡಿಕಿ ಎಳ್ಯಾಕ ಟೈಮ್ ಇತ್ತೇನ್ರಿ?”

ಸಾಹೇಬರು ಯಾರೂ ಅದನ್ನು ಕೇಳಿರಲಿಲ್ಲ. ಇಲ್ಲ ಎಂದು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು.

“ಇತ್ತು ತಂಗಿ,” ಎಂದರು ಅಪ್ಪ.

“ನಿಮ್ಮ ಮಗಳು ಕೆಳಗ ಗಾಡ್ಯಾಗ ಇದ್ಲಂತ.”

“ಇದ್ಲು.”

“ಆಕಿ ಇಲ್ದಿದ್ರ?”

ಒಲೆಯ ಮೇಲಿನ ಅನ್ನ ಉಕ್ಕಿ ಬೂದಿಗೆ ಬೀಳುತ್ತಿತ್ತು. ಅವ್ವ ಇಳಿಸಲಿಲ್ಲ, ನಾನೂ ಇಳಿಸಲಿಲ್ಲ.

“ಗೊತ್ತಿಲ್ಲ ತಂಗಿ,” ಎಂದರು ಅಪ್ಪ.

ಲಕ್ಷ್ಮಕ್ಕ ಸೆರಗು ಸರಿಮಾಡಿಕೊಂಡು ಎದ್ದರು. ಲಿವರ್ ಇದ್ದಲ್ಲಿಗೆ ಹೋಗಿ ಅದನ್ನು ಒಂದು ಸಲ ಮುಟ್ಟಿ ನೋಡಿದರು. ವಾಪಸು ಗಾಡಿ ಬರುವ ತನಕ ಹಳಿಯ ಪಕ್ಕದ ಕಲ್ಲಿನ ಮೇಲೆ ಬೆನ್ನು ಹಾಕಿ ಕೂತಿದ್ದರು. ಅವ್ವ ಊಟಕ್ಕೆ ಕರೆದದ್ದಕ್ಕೆ ತಿರುಗಿ ನೋಡಲಿಲ್ಲ.

ಅಪ್ಪ ವರ್ಗ ಕೇಳಿ ಹೊಸಪೇಟೆಗೆ ಬಂದರು. ಗೇಟು ಕಾಯುವ ಕೆಲಸ ಕೊಟ್ಟರು. ನಾವು ಚಿತ್ತವಾಡ್ಗಿಯಲ್ಲೇ ಬಾಡಿಗೆ ಮನೆ ಹಿಡಿದೆವು. ಅದೊಂದೇ ನಮಗೆ ಸಿಕ್ಕಿದ್ದು, ಲಕ್ಷ್ಮಕ್ಕನವರ ಮನೆಗೆ ಎರಡು ಓಣಿ ಆಚೆ. ಅವರಿಗೆ ಗಂಡನ ಲೆಕ್ಕದಲ್ಲಿ ಸ್ಟೇಶನ್ನಿನ ಹೆಂಗಸರ ವೇಟಿಂಗ್ ರೂಮಿನಲ್ಲಿ ಆಯಾ ಕೆಲಸವಾಗಿತ್ತು. ಇದರಿಂದ ನನಗಾದ ಪಾಡು ನೆನೆದರೆ ಈಗ ನಗು ಬರುತ್ತದೆ. ಕಾಲೇಜಿಗೆ ಬಳ್ಳಾರಿಗೆ ಓಡಾಡಿದ ಮೂರು ವರ್ಷ ನಾನು ಆ ವೇಟಿಂಗ್ ರೂಮಿನ ಹೊಸ್ತಿಲು ತುಳಿಯಲಿಲ್ಲ. ಎಂಥ ಬಿಸಿಲಿರಲಿ, ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಹಂಪಿ ನೋಡಲು ಬಂದ ಫಾರಿನ್ನಿನವರ ಚೀಲಗಳ ಮಗ್ಗುಲಲ್ಲಿ ಪುಸ್ತಕ ಅಡ್ಡ ಹಿಡಿದು ಕೂತಿರುತ್ತಿದ್ದೆ. ‘ಒಳಗ ಕುಂದ್ರವಾ, ಫ್ಯಾನ್ ಐತಿ’ ಎಂದು ಪೋರ್ಟರೊಬ್ಬರು ದಿನಾ ಹೇಳುವರು. ನನಗೆ ಬಿಸಿಲೆಂದರೆ ಇಷ್ಟ ಎಂದು ಹೇಳಿಬಿಟ್ಟಿದ್ದೆ. ಮೇ ತಿಂಗಳ ಹೊಸಪೇಟೆಯಲ್ಲಿ ಹಾಗೆ ಹೇಳಿದ ಹುಡುಗಿಯನ್ನು ಅವರು ಏನೆಂದುಕೊಂಡರೋ. ಒಮ್ಮೊಮ್ಮೆ ಲಕ್ಷ್ಮಕ್ಕ ಬಾಗಿಲಿಗೆ ಬಂದು ನಿಂತು ನನ್ನ ಕಡೆ ನೋಡುತ್ತಿದ್ದರು. ನಾನು ಹಾಳೆ ತಿರುವುತ್ತಿದ್ದೆ. ಅವರ ಗಂಡ ಹೋಗಿ ನಾನು ಉಳಿದಿದ್ದೇನೆ, ಎದುರಿಗೆ ಹೋಗಿ ಏನೆಂದು ಮಾತಾಡಲಿ?

ಅಪ್ಪ ನೌಕರಿಯಿಂದ ನಿವೃತ್ತರಾಗಿ ಹನ್ನೊಂದು ವರ್ಷ ಬದುಕಿದ್ದರು. ನಾನು ಮೇಡಂ ಆದೆ, ಮನೆ ಕಟ್ಟಿದೆವು, ಮನೆಯಲ್ಲಿ ಬುದ್ಧನ ಮೂರ್ತಿ ಇಟ್ಟೆವು. ಅಪ್ಪ ಅದರ ಮುಂದೆ ದಿನಾ ಕೂರುತ್ತಿದ್ದರು. ಏನು ಬೇಡಿಕೊಳ್ಳುತ್ತೀರಿ ಎಂದು ಒಮ್ಮೆ ಕೇಳಿದೆ. ಬೇಡುವುದು ಏನೂ ಇಲ್ಲ, ಸುಮ್ಮನೆ ಕೂತಿರುತ್ತೇನೆ ಎಂದರು. ನನ್ನೊಡನೆ ಅವರು ಎಂದೂ ಗಡುಸಾಗಿ ಮಾತಾಡಲಿಲ್ಲ. ಆದರೆ ಐದನೇ ಕ್ಲಾಸಿನ ಆ ದಿನದಿಂದ ನನ್ನ ಮುಖವನ್ನು ನೆಟ್ಟಗೆ ನೋಡಿ ಮಾತಾಡಿದ್ದೂ ಇಲ್ಲ. ನನ್ನನ್ನು ನೋಡಿದಾಗೆಲ್ಲ ಅವರಿಗೆ ಲಕ್ಷ್ಮಕ್ಕನ ಕೊನೆಯ ಪ್ರಶ್ನೆ ಕೇಳಿಸುತ್ತಿತ್ತೇನೋ. ಅಪ್ಪ ತೀರಿಕೊಂಡ ದಿನ ಲಕ್ಷ್ಮಕ್ಕ ಬಂದು, ಮನೆಯ ಗೇಟಿನ ಹೊರಗೆ ಒಂದು ಗಳಿಗೆ ನಿಂತು, ಹೋದರು.

ಹೋದ ಆಶ್ವೀಜದಲ್ಲಿ ಮೇಲ್ಸೇತುವೆಯ ಮೇಲೆ ನಾನು ಎಂದಿನಂತೆ ಸ್ಕೂಟಿ ನಿಲ್ಲಿಸಿದಾಗ ಹಿಂದೆ ಬರುತ್ತಿದ್ದ ಆಟೋ ಗಕ್ಕನೆ ನಿಂತಿತು. ಅದನ್ನು ಓಡಿಸುತ್ತಿದ್ದ ಹುಡುಗ ಹುಸೇನಿ ತಲೆ ಹೊರಗೆ ಹಾಕಿ, ಏನ್ರಿ ಇದು ನಿಲ್ಲೋ ಜಾಗ ಏನ್ರಿ ಎಂದು ಶುರು ಮಾಡಿದ. ಒಳಗಿನಿಂದ ಮುದಿ ದನಿಯೊಂದು ಬಂತು.

“ಬೈಬ್ಯಾಡಪಾ. ಆಕಿ ಘಾಟಿ ಪಾಯಿಂಟ್ಸ್‌ಮನ್ ಮಗಳು. ನಿಂತs ಇಳೀತಾಳ.”

ಲಕ್ಷ್ಮಕ್ಕ. ಎಂಬತ್ತು ದಾಟಿದೆ, ಕಣ್ಣಿಗೆ ದಪ್ಪ ಕನ್ನಡಕ. ಕಣ್ಣಿನ ಆಸ್ಪತ್ರೆಯಿಂದ ವಾಪಸು ಹೊರಟಿದ್ದರು. ನಾನು ಸ್ಕೂಟಿಯನ್ನು ಬದಿಗೆ ಹಾಕಿ ಆಟೋದ ಹತ್ತಿರ ಹೋದೆ. ಹೋಗಿ, ಅರವತ್ತರ ಹತ್ತಿರದ ಹೆಂಗಸು, ಕೈ ಕಟ್ಟಿ ಮಗುವಿನ ಹಾಗೆ ನಿಂತೆ. ಅವರು ನನ್ನ ಮುಖ ನೋಡಲು ಕನ್ನಡಕವನ್ನು ಮೇಲೆ ಕೆಳಗೆ ಸರಿಸಿದರು. ಕಣ್ಣು ಪೂರ್ತಿ ಹೋಗುವ ಮುಂಚೆ ಆ ಜಾಗವನ್ನು ಇನ್ನೊಂದು ಸಲ ನೋಡಬೇಕು, ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದರು.

ಮರುವಾರ ಹುಸೇನಿಯ ಆಟೋದಲ್ಲೇ ಹೋದೆವು. ಸಂಡೂರಿನ ದಾರಿ ಈಗ ಅದಿರಿನ ಲಾರಿಗಳ ದಾರಿ. ಗಿಡಮರಗಳ ಎಲೆಯೆಲ್ಲ ಕೆಂಪು. ಹುಸೇನಿ ದಾರಿಯುದ್ದಕ್ಕೂ ಯಶವಂತನಗರದ ಗಣಿಯಲ್ಲಿ ತನ್ನ ಭಾವ ಲಾರಿ ಓಡಿಸುವುದನ್ನೂ ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ತನಗೆ ತಪ್ಪಿಹೋದದ್ದನ್ನೂ ಹೇಳುತ್ತಿದ್ದ. ಆಟೋ ನಿಂತ ಮೇಲೆ ಲಕ್ಷ್ಮಕ್ಕನ ತೋಳು ಹಿಡಿದು, ಒಂದಷ್ಟು ದೂರ ಮೆಲ್ಲಗೆ ನಡೆಸಿಕೊಂಡು ಹೋದೆ.

ನೋಡಲು ಏನೂ ಉಳಿದಿರಲಿಲ್ಲ. ದೊಡ್ಡ ಹಳಿ ಹಾಕುವಾಗ ಕವಲನ್ನು ಕಿತ್ತಿದ್ದಾರೆ. ಕ್ಯಾಬಿನ್ ಇಲ್ಲ, ನಮ್ಮ ಮನೆ ಇಲ್ಲ, ಬೇವಿನ ಮರದ ಬೊಡ್ಡೆಯೂ ಇಲ್ಲ. ಮರಳು ದಿಬ್ಬ ಇದ್ದಲ್ಲಿ ಜಾಲಿ ಬೆಳೆದ ಒಂದು ಉಬ್ಬು. ನಾನು ಅಂದಾಜಿನ ಮೇಲೆ ಇಲ್ಲಿ, ಅಲ್ಲಿ ಎಂದು ಕೈ ತೋರಿಸುತ್ತಿದ್ದೆ. ಅವರು ಕಲ್ಲಿನ ಮೇಲೆ ಕೂತು ಆ ಉಬ್ಬಿನ ಕಡೆಗೆ ಕನ್ನಡಕ ತಿರುಗಿಸಿಕೊಂಡಿದ್ದರು. ಅಷ್ಟರಲ್ಲಿ ಮೇಲಿನಿಂದ ಒಂದು ಅದಿರಿನ ಗಾಡಿ ಇಳಿಯಿತು. ಮುಂದೆ ಎರಡು ಕರೆಂಟಿನ ಎಂಜಿನ್ನು, ಹಿಂದೆ ಎಣಿಸಲಾಗದಷ್ಟು ಡಬ್ಬಿ. ಎಲ್ಲಿಯೂ ನಿಲ್ಲದೆ, ಸಿಳ್ಳೆ ಕೂಡ ಹಾಕದೆ, ನಮ್ಮ ಮುಂದಿನಿಂದ ಹಾದುಹೋಯಿತು. ಕೊನೆಯ ಡಬ್ಬಿ ತಿರುವಿನಲ್ಲಿ ಮರೆಯಾಗುವ ತನಕ ಅವರು ಕೇಳಿಸಿಕೊಳ್ಳುತ್ತಿದ್ದರು.

ನಾನು ನಲವತ್ತೈದಕ್ಕೂ ಹೆಚ್ಚು ವರ್ಷ ಕಟ್ಟಿಟ್ಟುಕೊಂಡ ಮಾತು ಹೇಳಲು ಬಾಯಿ ತೆರೆದೆ. ಅಪ್ಪ ಕೊನೆಯವರೆಗೂ ಅದನ್ನೇ ಹೊತ್ತುಕೊಂಡಿದ್ದರು, ನೀವು ಕೇಳಿದ್ದಕ್ಕೆ ಅವರಿಗೆ ನಿಜವಾಗಿಯೂ ಉತ್ತರ ಗೊತ್ತಿರಲಿಲ್ಲ, ಎಂದೆಲ್ಲ ತೊದಲುತ್ತಿದ್ದೆ. ಲಕ್ಷ್ಮಕ್ಕ ಕೈ ಎತ್ತಿ ತಡೆದರು. ಅಪ್ಪ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ, ಅದು ತನಗೆ ಆ ದಿನವೇ ತಿಳಿಯಿತು ಎಂದರು. ಆದರೂ ಮಾತಾಡಿಸಲು ಮನಸ್ಸು ಬರಲಿಲ್ಲ, ಬರಬೇಕೆಂದು ಕಾದೆ, ಅಷ್ಟರಲ್ಲಿ ಅವರೇ ಹೋಗಿಬಿಟ್ಟರು, ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ಆವತ್ತು ನೀ ಗಾಡ್ಯಾಗ ಕುಂತು ಏನ್ ಮಾಡ್ತಿದ್ದಿ?”

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಓದುತ್ತಿದ್ದೆ ಎನ್ನಬಹುದಿತ್ತು.

“ಸೀತಾಫಲ ತಿಂತಿದ್ದೆ ಅತ್ತಿ,” ಎಂದೆ. “ಸಂತಿಗೆ ಹೋಗಿದ್ದ ಹೆಣ್ಮಗಳೊಬ್ಬಾಕಿ ಮಿಕ್ಕಿದ್ದು ನಮಗ ಹಂಚಿದ್ಲು. ಬೀಜ ಉಗುಳಿ ಆಟ ಆಡ್ತಿದ್ವಿ. ಗಾಡಿ ಇನ್ನಾ ಸ್ವಲ್ಪ ಹೊತ್ತು ನಿಂತಿರಲಿ ಅಂತಿದ್ದೆ.”

ಹೇಳಿ ತಲೆ ತಗ್ಗಿಸಿದೆ. ಚಲೋ ಇದ್ದವೇ ಎಂದು ಅವರು ಕೇಳಿದರು. ಭಾಳ ಚಲೋ ಇದ್ದವು ಎಂದೆ. ಎಷ್ಟು ತಿಂದೆ ಎಂದರು. ಮೂರು ಎಂದೆ.

ಅವರು ನನ್ನ ಕೈಯನ್ನು ತಡಕಿ ಹಿಡಿದುಕೊಂಡರು.

“ಮೂರs? ಸಣ್ಣಾಕಿದ್ದಿ, ಹಸಿವಿ ಇರ್ತದ. ಇನ್ನೊಂದು ತಿನ್ನಬೇಕಿತ್ತವಾ,” ಎಂದರು.